ಯಾರಿಗೆ ಓಟು ಅಂತ ಬಾಯಲ್ಲಿ ಕೇಳಬೇಡಿ

17 ಲಕ್ಷ ಮತದಾರರ ದಾವಣಗೆರೆ ಲೋಕಸಭಾ ಕ್ಷೇತ್ರವನ್ನು ಸಾವಿರಕ್ಕೂ ಕಮ್ಮಿ ಜನರನ್ನು ಮಾತಾಡಿಸಿ ಅಳೆಯೋಕಾಗಲ್ಲ ಅಂದವರು ಫಲಿತಾಂಶ ಬಂದ 2024ರ ಜೂನ್ 4ರ ಮಧ್ಯಾಹ್ನ ಸುಮ್ಮನಾದರು. ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ ಗೆದ್ದದ್ದು 26 ಸಾವಿರ ಚಿಲ್ಲರೆ ಮತದಿಂದ, ಅಂದರೆ ಶೇ 2ರಷ್ಟು. ನಾವು ಮಾಡಿದ ಸಮೀಕ್ಷೆಯ ಹಾಳೆಯಲ್ಲಿ ಇದ್ದದ್ದು: ಕಾಂಗ್ರೆಸ್ ಮುಂದೆ, ಅಂತರ ಶೇ 3ರೊಳಗೆ. ಇಷ್ಟು ಸಣ್ಣ ಸ್ಯಾಂಪಲ್‌ನಲ್ಲಿ ಅದೃಷ್ಟವೂ ಸೇರಿರುತ್ತೆ, ಆದರೆ ಬರೀ ಅದೃಷ್ಟ ಅಲ್ಲ.

ಅರ್ಧ ಕೆಲಸ ಬೂತ್ ಆಯ್ಕೆಯಲ್ಲೇ ಮುಗಿಯುತ್ತೆ. ಜಗಳೂರಿಂದ ಹೊನ್ನಾಳಿವರೆಗೆ ಎಂಟೂ ವಿಧಾನಸಭಾ ಕ್ಷೇತ್ರಕ್ಕೆ ತಲಾ ಆರು ಬೂತು, ಬೂತಿಗೆ 20 ಜನ. 2019ರ ಲೋಕಸಭೆ, 2023ರ ವಿಧಾನಸಭೆ ಎರಡರ ಫಾರ್ಮ್ 20 (ಯಾವ ಬೂತಲ್ಲಿ ಯಾರಿಗೆ ಎಷ್ಟು ಮತ ಅನ್ನೋ ಪಟ್ಟಿ) ಇಟ್ಟುಕೊಂಡು, ಆರು ಬೂತಿನ ಮೊತ್ತ ಆ ಕ್ಷೇತ್ರದ ಒಟ್ಟು ಫಲಿತಾಂಶಕ್ಕೆ ಎರಡು ಸಲವೂ ಹತ್ತಿರ ಬರೋ ಹಾಗೆ ಆರಿಸಬೇಕು. ಇಲ್ಲಿ ಬರೋ ತೊಡಕು ಬೂತ್ ನಂಬರಿನದು. ಮತದಾರರು 1,500 ದಾಟಿದರೆ ಬೂತ್ ಒಡೆಯುತ್ತಿದ್ದರು, ಆಮೇಲಿನ ನಂಬರೆಲ್ಲ ಮುಂದಕ್ಕೆ ಸರಿಯುತ್ತಿತ್ತು. ನಂಬರ್ ನಂಬಬೇಡಿ, ಶಾಲೆಯ ಹೆಸರು, ಕೊಠಡಿ ನೋಡಿ ಹೊಂದಿಸಿ. ಫಾರ್ಮ್ 20ರ ಸ್ಕ್ಯಾನ್ ಹಾಳೆಗಳನ್ನು ಟೈಪ್ ಮಾಡಿಸೋಕೇ ಹತ್ತಿರ ಹತ್ತಿರ ಹತ್ತು ಸಾವಿರ ಹೋಯ್ತು.

ಬೂತಿನ ಮತದಾರರ ಪಟ್ಟಿಯಲ್ಲಿ ಸಾವಿರ ಹೆಸರಿದ್ದರೆ ಪ್ರತಿ 33ನೆಯದು, ಒಟ್ಟು 30 ಹೆಸರು. ತೀರಿಕೊಂಡವರು, ಕಾಯಂ ಊರು ಬಿಟ್ಟವರು ಹೋಗಿ 20 ಉಳಿಯುತ್ತೆ. ಸಿಗದವರ ಬದಲು ಪಕ್ಕದ ಮನೆಯವರನ್ನು ಕೇಳಿದರೆ ಕೆಟ್ಟಿತು. ಹಗಲು ಮನೆಯಲ್ಲಿ ಸಿಗೋರು ವಯಸ್ಸಾದವರು, ಕಟ್ಟೆ ಮೇಲೆ ಸಿಗೋರು ಪಕ್ಷದವರು. ಜಗಳೂರು ಕಡೆಯಿಂದ ಬೆಂಗಳೂರಿಗೆ ದುಡಿಯೋಕೆ ಹೋದವರು ಮತದಾನಕ್ಕೆ ಬರುತ್ತಾರೆ, ಅವರಿಗೆ ಮಾತ್ರ ಫೋನ್. ಪೂರ್ತಿ ಫೋನ್ ಸಮೀಕ್ಷೆ ದುಡ್ಡು ದಂಡ: ಹೆಂಗಸರ ಹೆಸರಿಗೆ ಮಾಡಿದರೂ ಎತ್ತೋದು ಗಂಡಸರೇ. ದುಗ್ಗಮ್ಮನ ಜಾತ್ರೆ ವಾರ ಸಿಟಿಯಲ್ಲಿ ಫೀಲ್ಡಿಗೇ ಇಳಿಯಬೇಡಿ, ಮನೆ ತುಂಬ ನೆಂಟರು.

ಇನ್ನು ಪ್ರಶ್ನೆ. "ಯಾರಿಗೆ ಹಾಕ್ತೀರಿ?" ಅಂದರೆ "ನೋಡೋಣ್ರಿ, ಇನ್ನೂ ಟೈಮೈತಲ್ಲ" ಅನ್ನೋದೇ ಉತ್ತರ. ಅದಕ್ಕೇ ಎಲ್ಲ ಚಿಹ್ನೆ ಇರೋ ಚೀಟಿ, ಬೀಗ ಹಾಕಿದ ಬಿಸ್ಕತ್ ಡಬ್ಬಿ: ಗುಟ್ಟಾಗಿ ಗುರುತು ಮಾಡಿ ಡಬ್ಬಿಗೆ ಹಾಕಲಿ. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಸಮೀಕ್ಷಾ ತಂಡ ಲೋಕನೀತಿಯವರು ಎಷ್ಟೋ ವರ್ಷದಿಂದ ಮಾಡ್ತಿರೋದು ಇದನ್ನೇ. ಯಾವ ಗುಂಪಿನ ಚೀಟಿ ಅಂತ ಗೊತ್ತಾಗಲಿ ಅಂತ ನಾವು ಸೇರಿಸಿದ್ದು ಬಣ್ಣ: ಹೆಂಗಸರಿಗೆ ಹಳದಿ, ಗಂಡಸರಿಗೆ ಬಿಳಿ, 35 ದಾಟಿದವರ ಚೀಟಿಗೆ ಮೂಲೆ ಕತ್ತರಿ. ಚೀಟಿಗೆ ನಂಬರ್ ಹಾಕಿದರೆ ಜನ ಮುಟ್ಟಲ್ಲ. ಕೇಸರಿ, ಹಸಿರು ಕಾಗದ ಮಾತ್ರ ತರಬೇಡಿ! ಪಕ್ಷೇತರ ಜಿ.ಬಿ. ವಿನಯ್ ಕುಮಾರ್ ಹೆಸರು ಬಾಯಿಮಾತಲ್ಲಿ ಬರುತ್ತಲೇ ಇರಲಿಲ್ಲ, ಡಬ್ಬಿಯಲ್ಲಿ ಬಂತು. ಅವರಿಗೆ ಕೊನೆಗೆ 42 ಸಾವಿರದ ಮೇಲೆ ಬಿತ್ತು. ಅಂತರಕ್ಕಿಂತ ಅದೇ ದೊಡ್ಡದು.

ಪ್ರಧಾನಿ ಯಾರಾಗಬೇಕು ಅನ್ನೋದನ್ನು ಚೀಟಿ ಹಾಕಿಸಿದ ಮೇಲೇ ಕೇಳಬೇಕು. ಮೊದಲೇ ಕೇಳಿದರೆ ಕಮಲ ಏರುತ್ತೆ. ಗೃಹಲಕ್ಷ್ಮಿ ಎರಡು ಸಾವಿರ ಬಂತಾ ಅಂತ ಮೊದಲು ಕೇಳಿದರೆ ಕೈ ಏರುತ್ತೆ. ಅರ್ಧ ಬೂತಲ್ಲಿ ಹಾಗೆ, ಅರ್ಧದಲ್ಲಿ ಹೀಗೆ ಮಾಡಿ ನೋಡಿದ್ದಾಯ್ತು. ನಾಯಕ ಬೇರೆ, ಅಭ್ಯರ್ಥಿ ಬೇರೆ ಅನ್ನೋದು ಚಿತ್ರದುರ್ಗದವರಿಗೆ ಹೇಳಬೇಕಿಲ್ಲ: 2023ರಲ್ಲಿ ಆ ಲೋಕಸಭಾ ವ್ಯಾಪ್ತಿಯ ಎಂಟರಲ್ಲಿ ಏಳು ಕಾಂಗ್ರೆಸ್ಸಿಗೆ, ಹೊಳಲ್ಕೆರೆ ಒಂದೇ ಬಿಜೆಪಿಗೆ, ಮರುವರ್ಷ ಲೋಕಸಭೆಗೆ ಬಿಜೆಪಿಯ ಗೋವಿಂದ ಕಾರಜೋಳ 48 ಸಾವಿರದಲ್ಲಿ ಗೆದ್ದರು.

"ಟಿವಿ ನೋಡ್ತೀರಾ, ವಾಟ್ಸಾಪ್ ನೋಡ್ತೀರಾ" ಅನ್ನೋ ಪ್ರಶ್ನೆ ದಂಡ. ಎಲ್ಲರೂ ಹೂಂ ಅಂತಾರೆ. ನಿನ್ನೆಯ ಒಂದು ಸುದ್ದಿ ಹೇಳಿ, ಮೊದಲು ಎಲ್ಲಿ ಕೇಳಿದಿರಿ ಅಂತ ಕೇಳಿ. ಹೆಂಗಸರಲ್ಲಿ ಬಹಳಷ್ಟು ಸಲ ಬಂದ ಉತ್ತರ ಟಿವಿ ಅಲ್ಲ, ಹೆಂಗಸರ ಸಂಘದ ಮೀಟಿಂಗು.

ಒಂದು ಸಂದರ್ಶನಕ್ಕೆ ಹುಡುಗರಿಗೆ 80 ರೂಪಾಯಿ, ಪೆಟ್ರೋಲ್ ಬೇರೆ. ಎಲ್ಲ ಸೇರಿ ಒಂದು ಲಕ್ಷ ದಾಟಿತು. ಕೂತಲ್ಲೇ ಫಾರ್ಮ್ ತುಂಬೋರನ್ನು ಹಿಡಿಯೋಕೆ ಪ್ರಶ್ನೆಪಟ್ಟಿಯಲ್ಲಿ ಒಂದು ಪ್ರಶ್ನೆ ಹುದುಗಿಸಿದೆ, ಅದೇನು ಅಂತ ಇಲ್ಲಿ ಬರೆಯಲ್ಲ, ಮುಂದಿನ ಸಲವೂ ಬೇಕು. ಪಕ್ಷದವರು ಹಾಳೆ ಕೇಳಿಕೊಂಡು ಬರ್ತಾರೆ, ಕೊಡಬೇಡಿ. ಮತದಾನ ಮುಗಿಸಿ ಬಂದವರನ್ನು ಕೇಳಿದ್ದನ್ನಂತೂ ಬಾಯಿ ಬಿಡಲೇಬಾರದು: ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ಎ ಕಲಮಿನ ಎಕ್ಸಿಟ್ ಪೋಲ್ ನಿಷೇಧ ಆ ಸಲ ಏಪ್ರಿಲ್ 19ರಿಂದ ಜೂನ್ 1ರ ಸಂಜೆ 6.30ರವರೆಗೆ ಇತ್ತು.