ಒಂಬತ್ತು ಮಕ್ಕಳ ಕೈಗೆ ಒಂದು ಕುದುರೆ

ಸಂಪಿಗೆ ನಮ್ಮ ಲಾಯಕ್ಕೆ ಬಂದಾಗ ಅವಳಿಗೆ ಏಳು ವರ್ಷ. ರೇಸ್ ಓಡಿ ಬಿಟ್ಟ ಕುದುರೆ. ಕಂದು ಮೈ, ಹಣೆ ಮೇಲೆ ರೂಪಾಯಿ ಅಗಲದ ಬಿಳಿ ಚುಕ್ಕಿ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಲ್ಲಿ ಓಡಿದ ಥರೋಬ್ರೆಡ್‌ಗಳು ಓಟ ಮುಗಿದ ಮೇಲೆ ಸುತ್ತಮುತ್ತಲಿನ ಸವಾರಿ ಶಾಲೆಗಳಿಗೆ ಬರುವುದು ಇಲ್ಲಿ ಮಾಮೂಲು. ದೊಡ್ಡಬಳ್ಳಾಪುರದ ಕಡೆ ಎರಡು ಎಕರೆ ಜಾಗದಲ್ಲಿ ನಾನು ಮಕ್ಕಳ ಸವಾರಿ ಕ್ಲಬ್ ನಡೆಸುತ್ತೇನೆ. ನಾಲ್ಕು ಕುದುರೆಗಳಿವೆ. ಮೂರು ಹಾಗೆ ಬಂದವೇ.

ಮೊದಲ ಎರಡು ತಿಂಗಳು ಸಂಪಿಗೆ ಚೆನ್ನಾಗಿಯೇ ಇದ್ದಳು. ಮೂರನೇ ತಿಂಗಳಿಗೆ ಶುರುವಾಯಿತು. ಮಕ್ಕಳು ಹತ್ತಲು ಕಟ್ಟೆ ಏರಿದರೆ ಇವಳು ಎರಡು ಹೆಜ್ಜೆ ಪಕ್ಕಕ್ಕೆ. ಹತ್ತಿ ಕೂತರೆ ರಿಕಾಪಿಗೆ (ಜೀನಿನ ಪಕ್ಕ ತೂಗುವ ಕಾಲಿನ ಬಳೆ) ಕಾಲು ಹಾಕುವಷ್ಟರಲ್ಲಿ ಹೊರಟೇಬಿಡುತ್ತಿದ್ದಳು. ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಒರಗಿಸಿ ಹಲ್ಲು ತೋರಿಸುತ್ತಿದ್ದಳು. ನಿಲ್ಲಿಸಲು ಎಳೆದರೆ ಇನ್ನೂ ಜೋರು. ನೋಡಿದವರೆಲ್ಲ "ಇದು ಮಕ್ಕಳಿಗಲ್ಲ, ಕಳಿಸಿಬಿಡಿ" ಅಂದರು.

ಕಳಿಸಲು ನನಗೆ ಮನಸ್ಸಾಗಲಿಲ್ಲ. ಹೀಗೆ ಕೈ ಬದಲಾಯಿಸುತ್ತಾ ಹೋದ ಕುದುರೆ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನೋಡಿದ್ದೇನೆ.

ನಡತೆ ಕೆಟ್ಟಿದೆ ಅನ್ನುವ ಮೊದಲು ನೋವಿದೆಯಾ ಅಂತ ನೋಡಬೇಕು. ಇದನ್ನು ನಾನು ಯಾವ ಕುದುರೆಗೂ ತಪ್ಪಿಸುವುದಿಲ್ಲ. ಪಶುವೈದ್ಯರು ಬಂದು ಹಲ್ಲು, ಬೆನ್ನು, ಕಾಲು ಎಲ್ಲ ನೋಡಿದರು. ದವಡೆ ಹಲ್ಲಿನ ಅಂಚು ಚೂಪಾಗಿತ್ತು, ಉಜ್ಜಿ ನಯ ಮಾಡಿದರು. ಅವತ್ತು ಸವಾರಿ ಮುಗಿಸಿ ಜೀನು ಇಳಿಸಿದಾಗ ಬೆನ್ನು ಪೂರ್ತಿ ಬೆವರಿತ್ತು, ಆದರೆ ಭುಜದ ಗೂನಿನ (ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿನ ಉಬ್ಬು) ಎರಡೂ ಕಡೆ ಅಂಗೈ ಅಗಲದ ಜಾಗ ಒಣಗಿಕೊಂಡೇ ಇತ್ತು. ಕೈಯಿಟ್ಟು ಒತ್ತಿದೆ. ಚರ್ಮ ಅದುರಿತು. ಜೀನು ಇಕ್ಕಟ್ಟಾಗಿ ಅಲ್ಲೇ ಒತ್ತುತ್ತಿತ್ತು. ಅಷ್ಟು ದಿನ ಅವಳು ಹಲ್ಲು ತೋರಿಸಿ ಹೇಳುತ್ತಿದ್ದದ್ದು ಅದನ್ನೇ. ಅಗಲ ಇರುವ ಬೇರೆ ಜೀನು ಹಾಕಿದೆವು. ಎರಡು ವಾರದಲ್ಲಿ ಹಲ್ಲು ತೋರಿಸುವುದು ನಿಂತಿತು.

ಮೇವನ್ನೂ ಬದಲಾಯಿಸಿದೆವು. ರೇಸ್ ಕುದುರೆಗೆ ಓಟ್ಸ್, ಕಾಳು ಜಾಸ್ತಿ, ಹುಲ್ಲು ಕಮ್ಮಿ. ಕುದುರೆಯ ಹೊಟ್ಟೆಯಲ್ಲಿ ಆಸಿಡ್ ಊರುವುದು ನಿಲ್ಲುವುದೇ ಇಲ್ಲ. ಗಂಟೆಗಟ್ಟಲೆ ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಮೇವು ದಿನಕ್ಕೆ ಬೇಕು. ಸಂಪಿಗೆ 450 ಕೆ.ಜಿ. ಇದ್ದಾಳೆ, ಅಂದರೆ ಏಳರಿಂದ ಒಂಬತ್ತು ಕೆ.ಜಿ. ಓಟ್ಸ್ ಸ್ವಲ್ಪಸ್ವಲ್ಪವೇ ಇಳಿಸಿ, ಒಣಹುಲ್ಲು ಯಾವಾಗಲೂ ಮುಂದೆ ಇರುವಂತೆ ನೋಡಿಕೊಂಡೆವು. ಜೊತೆಗೆ ಒಂದಿಷ್ಟು ಲೂಸರ್ನ್, ನಮ್ಮ ರೈತರು ಹೇಳುವ ಕುದುರೆ ಮೆಂತ್ಯ.

ಇಷ್ಟಾದರೂ ಕಟ್ಟೆ ಹತ್ತಿರ ನಿಲ್ಲುತ್ತಿರಲಿಲ್ಲ.

ಒಂದು ಭಾನುವಾರ ನಾನು ಪಾಠ ಹೇಳಲಿಲ್ಲ. ಸಹಾಯಕರಿಗೆ ಬಿಟ್ಟು, ನೋಟ್‌ಬುಕ್ ಹಿಡಿದು ಬೇಲಿ ಪಕ್ಕ ಕೂತೆ. ಅವತ್ತು ಸಂಪಿಗೆ ಮೇಲೆ ಸರದಿ ಪ್ರಕಾರ ಒಂಬತ್ತು ಮಕ್ಕಳು. ಅವರು ಅವಳನ್ನು ಹೇಗೆ ನಿಲ್ಲಿಸುತ್ತಾರೆ ಅನ್ನುವುದನ್ನು ಮಾತ್ರ ಬರೆದುಕೊಂಡೆ. ಒಬ್ಬಳು "ಹೋ" ಅಂದಳು. ಒಬ್ಬ "ಸ್ಟಾಪ್ ಸ್ಟಾಪ್" ಅಂತ ಕೂಗಿದ. ಇಬ್ಬರು ಬಾಯಿ ಬಿಡದೆ ಲಗಾಮು ಎಳೆದು ಹಿಡಿದೇ ಇದ್ದರು, ಅವಳು ನಿಂತ ಮೇಲೂ ಬಿಡಲಿಲ್ಲ. ಇನ್ನೊಬ್ಬ ಎಳೆಯುತ್ತಲೇ ಹೆದರಿಕೆಗೆ ಎರಡೂ ಹಿಮ್ಮಡಿಯಿಂದ ಹೊಟ್ಟೆ ಅವುಚಿಕೊಂಡಿದ್ದ. ಅಂದರೆ ಕೈ "ನಿಲ್ಲು" ಅನ್ನುತ್ತಿದೆ, ಕಾಲು "ಹೋಗು" ಅನ್ನುತ್ತಿದೆ. ಒಬ್ಬಳು ಹುಲ್ಲು ಕಂಡಲ್ಲೆಲ್ಲ ತಲೆ ಬಗ್ಗಿಸಲು ಬಿಟ್ಟಳು. ಅವಳ ನಂತರ ಹತ್ತಿದ ಹುಡುಗ ಅದಕ್ಕೇ ಬೈದ. ಒಂಬತ್ತು ಮಕ್ಕಳಲ್ಲಿ ಐದು ಭಾಷೆ ಎಣಿಸಿದೆ. ಎಲ್ಲರೂ ಒಳ್ಳೆಯ ಮಕ್ಕಳು, ಎಲ್ಲರಿಗೂ ಸಂಪಿಗೆ ಅಂದರೆ ಪ್ರಾಣ. ಆ ಪ್ರೀತಿಯಿಂದ ಅವಳಿಗೆ ಏನೂ ಅರ್ಥವಾಗುತ್ತಿರಲಿಲ್ಲ, ಅಷ್ಟೇ.

ಸಂಜೆ ನಮ್ಮ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಚಾಚಾಗೆ ಓದಿ ಹೇಳಿದೆ. ಅವರು ರೇಸ್‌ಕೋರ್ಸ್ ಲಾಯಗಳಲ್ಲಿ ಮೂವತ್ತು ವರ್ಷ ಕಳೆದವರು. ಗೊರಸಿನ ಮಣ್ಣು ಕೆರೆಯುತ್ತಾ, ತಲೆ ಎತ್ತದೆ ಹೇಳಿದರು: "ಮೇಡಮ್ಮ, ಅದರ್ದು ತಪ್ಪಿಲ್ಲ. ಅಲ್ಲಿ ಲಗಾಮು ಬಿಗಿ ಆಯ್ತು ಅಂದ್ರೆ ಓಡು ಅಂತ. ಇಲ್ಲಿ ಬಿಗಿ ಆದ್ರೆ ನಿಲ್ಲು ಅಂತೀರಿ. ಪಾಪ, ಯಾವ್ದು ನಂಬ್ಬೇಕು ಅದು?"

ಮಾತು ಸರಿಯಾಗಿತ್ತು. ಓಡುವಾಗ ಜಾಕಿ ಲಗಾಮು ಬಿಗಿ ಹಿಡಿದರೆ ರೇಸ್ ಕುದುರೆ ಅದಕ್ಕೆ ಮೈ ಕೊಟ್ಟು ಇನ್ನೂ ಮುಂದಕ್ಕೆ ನುಗ್ಗುತ್ತದೆ. ಹೆದರಿದ ಮಗು ಮಾಡುವ ಮೊದಲ ಕೆಲಸವೂ ಎಳೆಯುವುದೇ. ಹತ್ತುವ ವಿಷಯವೂ ಹಾಗೇ. ಅಲ್ಲಿ ಕುದುರೆ ನಡೆಯುತ್ತಿರುವಾಗಲೇ ಜಾಕಿಯ ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ. ಕಟ್ಟೆ ಪಕ್ಕ ಕಲ್ಲಿನಂತೆ ನಿಲ್ಲಬೇಕು ಅಂತ ಸಂಪಿಗೆಗೆ ಯಾರೂ ಕಲಿಸಿಯೇ ಇರಲಿಲ್ಲ. ಕಲಿಸದೆ ಬೈಯುತ್ತಿದ್ದೆವು.

ಮುಂದಿನ ಮೂರು ವಾರ ಸಂಪಿಗೆ ಮೇಲೆ ಮಕ್ಕಳನ್ನು ಹತ್ತಿಸಲಿಲ್ಲ. ದಿನಾ ಬೆಳಿಗ್ಗೆ ಹತ್ತು ನಿಮಿಷ, ಕಟ್ಟೆ ಪಾಠ. ಹಗ್ಗ ಹಿಡಿದು ಕಟ್ಟೆ ಪಕ್ಕಕ್ಕೆ ಕರೆದುಕೊಂಡು ಹೋಗುವುದು, "ಹೋ" ಅನ್ನುವುದು. ಒಂದು ಹೆಜ್ಜೆ ಮುಂದೆ ಹೋದಳಾ, ಕೋಪವಿಲ್ಲದೆ ಅದೇ ಒಂದು ಹೆಜ್ಜೆ ಹಿಂದಕ್ಕೆ ಹಾಕಿಸುವುದು. ನಿಂತ ತಕ್ಷಣ ಹಗ್ಗ ಸಡಿಲ. ಈ "ತಕ್ಷಣ" ಅನ್ನುವುದರಲ್ಲೇ ಎಲ್ಲ ಇದೆ. ಹಗ್ಗ ಬಿಗಿಯಾದಾಗ ಕುದುರೆಗೆ ಏನೋ ಕೇಳುತ್ತಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ತಾನು ಮಾಡಿದ್ದು ಸರಿ ಅಂತ ಗೊತ್ತಾಗುವುದು ಸಡಿಲವಾದ ಆ ಗಳಿಗೆಯಲ್ಲಿ. ಒಂದೆರಡು ಸೆಕೆಂಡ್ ತಡ ಮಾಡಿದರೂ ಅವಳು ಅಷ್ಟರಲ್ಲಿ ತಲೆ ಕೊಡವಿರುತ್ತಾಳೆ. ಆಗ ತಲೆ ಕೊಡವಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆ.

ಬೆಲ್ಲ ಕೊಡುವುದನ್ನು ನಿಲ್ಲಿಸಿದೆವು. ಮಕ್ಕಳ ಜೇಬಿಗೆ ಮೂತಿ ಹಾಕುವ ಅಭ್ಯಾಸ ಆಗಿತ್ತು, ಒಂದು ಸಲ ಬೆರಳೂ ಕಚ್ಚಿದ್ದಳು. ಬದಲಿಗೆ ಭುಜದ ಗೂನಿನ ಹತ್ತಿರ ಬೆರಳಿನಿಂದ ಕೆರೆಯುವುದು. ಕುದುರೆಗಳು ತಮ್ಮತಮ್ಮಲ್ಲೇ ಮೈ ಕಚ್ಚಿ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ಸಂಪಿಗೆಗಂತೂ ಮೇಲ್ತುಟಿ ಉದ್ದವಾಗಿ, ಕಣ್ಣು ಅರ್ಧ ಮುಚ್ಚಿಹೋಗುತ್ತದೆ. ಕತ್ತಿನ ಮೇಲೆ ಪಟಪಟ ತಟ್ಟುವುದು ನಮಗೆ ಖುಷಿ. ಅವಳಿಗೆ ಇದು ಖುಷಿ.

ಅವಳು ಹದಿನೈದು ದಿನಕ್ಕೆ ಕಲಿತಳು. ಕಷ್ಟ ಇದ್ದದ್ದು ಮಕ್ಕಳಿಗೆ ಕಲಿಸುವುದರಲ್ಲಿ.

ಸುಮ್ನೆ "ಮೆತ್ತಗೆ ಹಿಡಿಯಿರಿ" ಅಂದರೆ ಯಾವ ಮಗುವಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಆಟ ಮಾಡಿದೆ. ಇಬ್ಬಿಬ್ಬರ ಜೋಡಿ. ಒಬ್ಬರು ಕುದುರೆ, ಒಬ್ಬರು ಸವಾರ. ಕುದುರೆ ಆದವರು ಕಣ್ಣು ಮುಚ್ಚಿ, ಹಳೇ ಲಗಾಮಿನ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಿಲ್ಲಬೇಕು. ಸವಾರ ಹಿಂದೆ ನಿಂತು, ಮಾತಾಡದೆ, ಲಗಾಮಿನಲ್ಲೇ ಅಂಗಳದ ಡ್ರಮ್‌ಗಳ ಮಧ್ಯೆ ನಡೆಸಬೇಕು. ಹನ್ನೊಂದು ವರ್ಷದ ಒಬ್ಬ ಹುಡುಗಿ, ತುಂಬಾ ಗಟ್ಟಿ ಎಳೆಯುವವಳು, ಕುದುರೆ ಆದಳು. ಹಿಂದಿನ ಹುಡುಗ ಎಡಕ್ಕೆ ಎಳೆದ, ಇವಳು ಎಡಕ್ಕೆ ತಿರುಗಿದಳು. ಅವನು ಬಿಡಲಿಲ್ಲ. ಇನ್ನೂ ತಿರುಗಿದಳು. ಆಗಲೂ ಬಿಡಲಿಲ್ಲ. ಡ್ರಮ್‌ಗೆ ಮಂಡಿ ತಾಗಿತು. ಕಣ್ಣು ಬಿಟ್ಟು, "ನಾನು ತಿರುಗಿದ್ನಲ್ಲಾ, ಮತ್ತೆ ಯಾಕೆ ಎಳೀತೀಯ!" ಅಂದವಳಿಗೆ ಅಳುವೇ ಬಂದಿತ್ತು. ಆಮೇಲೆ ಮಾತಾಡದೆ ಹೋಗಿ ಸಂಪಿಗೆಯ ಲಾಯದ ಮುಂದೆ ನಿಂತಳು. ಅವತ್ತಿನಿಂದ ಆ ಹುಡುಗಿಯ ಕೈ ಬದಲಾಯಿತು. ನಾನು ಎರಡು ವರ್ಷ ಹೇಳಿದರೂ ಆಗದೇ ಇದ್ದದ್ದು ಅದು.

ಆಟ ಆದ ಮೇಲೆ ಮಕ್ಕಳೇ ಕೂತು ಕ್ಲಬ್‌ನ ಮಾತುಗಳನ್ನು ಗೊತ್ತು ಮಾಡಿದರು. ನಿಲ್ಲಲು "ಹೋ", ಒಂದೇ ಸಲ, ಮೊದಲು ಮಾತು, ಆಮೇಲೆ ಕೈ. ಹೊರಡಲು "ನಡಿ". ಸವಾರಿಯಲ್ಲಿ ಹುಲ್ಲು ಇಲ್ಲ, ಯಾರು ಕೂತಿದ್ದರೂ ಇಲ್ಲ. ಸವಾರಿ ಮುಗಿದ ಮೇಲೆ ಹಾಲ್ಟರ್ (ಬಾಯಿಗೆ ಕಬ್ಬಿಣ ಇಲ್ಲದ ತಲೆಪಟ್ಟಿ) ಹಾಕಿ ಐದು ನಿಮಿಷ ಮೇಯಿಸುವುದು ಕಡ್ಡಾಯ. ಹತ್ತಿರ ಹೋಗುವುದು ಭುಜದ ಕಡೆಯಿಂದ, ಯಾಕೆಂದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕುದುರೆಗೆ ಕಾಣುವುದಿಲ್ಲ. ಇಷ್ಟನ್ನೂ ಬಣ್ಣದಲ್ಲಿ ಬರೆದು ಲಾಯದ ಬಾಗಿಲಿಗೆ ಹಾಕಿದರು. ಹೆಲ್ಮೆಟ್ ಇಲ್ಲದೆ ಹತ್ತುವಂತಿಲ್ಲ ಅನ್ನುವುದು ಮೊದಲಿಂದ ಇದ್ದದ್ದೇ.

ಚಾವಟಿ ವಿಷಯ ಒಂದು ಹೇಳಬೇಕು. ನಾನು ಚಿಕ್ಕವಳಿದ್ದಾಗ ಸವಾರಿ ಕಲಿತ ಜಾಗದಲ್ಲಿ ಮೊದಲ ದಿನವೇ ಕೈಗೆ ಚಾವಟಿ ಕೊಟ್ಟಿದ್ದರು. ಅಲ್ಲಿದ್ದ ಬಿಳಿ ಕುದುರೆ, ಯಾರಾದರೂ ಬೆವರು ಒರೆಸಿಕೊಳ್ಳಲು ಕೈ ಎತ್ತಿದರೂ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಆ ಎಳೆತ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹಿಂದಿನ ವರ್ಷ ನಮ್ಮ ಅಂಗಳದಲ್ಲೂ ಒಬ್ಬ ಹುಡುಗ, ಹನ್ನೆರಡರವನು, ಸಂಪಿಗೆ ಮೂಲೆಗೆ ಹೋಗಲಿಲ್ಲ ಅಂತ ಮುರಿದ ಕಡ್ಡಿಯಿಂದ ಎರಡು ಏಟು ಹಾಕಿದ. ಇಳಿಸಿದೆ. ಬೈಯಲಿಲ್ಲ. ಜೀನು ಸಡಿಲಿಸಿ, ಪಕ್ಕದಲ್ಲಿ ನಿಂತು ಕೇಳಿದೆ: "ಏನು ಮಾಡು ಅಂದೆ ಅವಳಿಗೆ?"

"ಮೂಲೆಗೆ ಹೋಗು ಅಂದೆ ಅಕ್ಕಾ."

"ನೀನು ಎಲ್ಲಿ ನೋಡ್ತಿದ್ದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಧ್ಯಕ್ಕೆ" ಅಂದ. ನೋಟ ಮಧ್ಯಕ್ಕೆ ಇದ್ದರೆ ಭುಜ ಅಲ್ಲಿಗೇ ತಿರುಗುತ್ತದೆ, ಭಾರವೂ ಅಲ್ಲಿಗೇ ಬೀಳುತ್ತದೆ. ಸಂಪಿಗೆ ಅವನ ಮೈ ಹೇಳಿದ ಕಡೆಗೇ ಹೋಗಿದ್ದಳು. ಹತ್ತಿಸಿ, ಮೂಲೆಯ ಕಂಬದ ತುದಿ ನೋಡು ಅಂದೆ. ಮೂರನೇ ಸುತ್ತಿಗೆ ಸಂಪಿಗೆ ಮೂಲೆಯ ತನಕ ಹೋದಳು.

ಅಪ್ಪ ಅಮ್ಮಂದಿರು ಕೇಳುವುದು ಒಂದೇ: ಜಂಪಿಂಗ್ ಯಾವಾಗ? ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಜಂಪಿಂಗ್ ಕೂಡ ಸೇರಿದ ಮೂರು ಹಂತದ ಈವೆಂಟಿಂಗ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರಲ್ಲ. 1982ರ ನಂತರ ಭಾರತಕ್ಕೆ ಕುದುರೆ ಸವಾರಿಯಲ್ಲಿ ಬಂದ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೋ ಒಲಿಂಪಿಕ್ಸ್‌ಗೂ ಹೋದರು. ಆ ವಿಡಿಯೋ ನೋಡಿಯೇ ನಮ್ಮಲ್ಲಿಗೆ ಬಂದ ಮಕ್ಕಳಿದ್ದಾರೆ. ನಾನು ಅದೇ ವಿಡಿಯೋ ಹಾಕಿ, ಬೇಲಿ ಹಾರುವುದಕ್ಕೆ ಮೊದಲು ನಡೆಯುವ ಡ್ರೆಸ್ಸಾಜ್ ಭಾಗ ತೋರಿಸುತ್ತೇನೆ. ಅಲ್ಲಿ ಅಂಕ ಕೊಡುವುದೇ ಕುದುರೆ ಎಷ್ಟು ಹಗುರವಾಗಿ ಮಾತು ಕೇಳುತ್ತದೆ ಅನ್ನುವುದಕ್ಕೆ. 2023ರ ಏಷ್ಯನ್ ಗೇಮ್ಸ್ ನಡೆದ ಹಾಂಗ್‌ಝೌನಲ್ಲಿ ನಮ್ಮ ನಾಲ್ವರ ತಂಡ ಚಿನ್ನ ಗೆದ್ದದ್ದು ಬರೀ ಈ ಡ್ರೆಸ್ಸಾಜ್‌ನಲ್ಲೇ. ಆಮೇಲೆ ಅಪ್ಪಂದಿರು ಜಂಪಿಂಗ್ ಮಾತು ಕಮ್ಮಿ ಮಾಡುತ್ತಾರೆ. ಎಲ್ಲರೂ ಅಲ್ಲ. ಇಬ್ಬರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬೇಜಾರಾಯಿತು, ಆದರೆ ಅವಸರ ಮಾಡಲು ನನಗೆ ಆಗಲಿಲ್ಲ.

ಹೋದ ಭಾನುವಾರ ಎಂಟು ವರ್ಷದ ಪುಟ್ಟಿಯೊಬ್ಬಳ ಸರದಿ. ಕಟ್ಟೆ ಹತ್ತಿದಳು, "ಹೋ" ಅಂದಳು, ಲಗಾಮು ಸಡಿಲ ಬಿಟ್ಟು ಕೂತಳು. ರಿಕಾಪಿನ ಪಟ್ಟಿ ಉದ್ದವಾಗಿತ್ತು. ತಾನೇ ಸರಿ ಮಾಡುತ್ತೇನೆ ಅಂತ ಬಗ್ಗಿ ತೂತು ಹುಡುಕತೊಡಗಿದಳು. ಒಂದು ನಿಮಿಷ ಆಯಿತು, ಎರಡಾಯಿತು. ಆಚೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಯಿತು. ಸಂಪಿಗೆ ಒಂದು ಕಿವಿಯನ್ನು ಮಾತ್ರ ಆ ಕಡೆ ತಿರುಗಿಸಿ, ಹಿಂಗಾಲೊಂದನ್ನು ಮಡಚಿಕೊಂಡು ನಿಂತೇ ಇದ್ದಳು. ಯಾರೂ ಹಿಡಿದಿರಲಿಲ್ಲ. ಚಾಚಾ ದೂರದಲ್ಲಿ ಹುಲ್ಲಿನ ಕಟ್ಟು ಬಿಚ್ಚುತ್ತಾ, "ಸಿಕ್ತಾ ಬೇಟಾ?" ಅಂದರು. "ಸಿಕ್ತು ಚಾಚಾ" ಅಂದು ಪುಟ್ಟಿ ಎದ್ದು ಕೂತು, ಮೊದಲು ಗೂನಿನ ಹತ್ತಿರ ನಾಲ್ಕು ಸಲ ಕೆರೆದಳು. ಆಮೇಲೆ ಮೆತ್ತಗೆ "ನಡಿ" ಅಂದಳು.

ಮುಂದಿನ ವಾರ ಸಂಪಿಗೆಗೆ ಹತ್ತನೇ ಸವಾರ ಸೇರುತ್ತಿದ್ದಾನೆ. ಮೊದಲ ತಿಂಗಳು ಅವನಿಗೆ ಬ್ರಷ್, ಹುಲ್ಲಿನ ಬುಟ್ಟಿ, ಮತ್ತೆ ಆ ಕಣ್ಣು ಮುಚ್ಚುವ ಆಟ.