ಕಾಂಪೌಂಡಿನ ಒಂದು ಬದಿ ನನ್ನ ಲೆಕ್ಕದಲ್ಲಿತ್ತು

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಆಗ ನನ್ನದು ಒಂದೂವರೆ ಎಕರೆ ಕೊಯ್ಲಿಗೆ ಬಂದಿತ್ತು. ನನ್ನ ಜಾಣತನವೇನೂ ಅಲ್ಲ. ಯಾರೋ ಬೇಡ ಅಂದ ಟೊಮೆಟೊ ಸಸಿ ನರ್ಸರಿಯಲ್ಲಿ ಅಗ್ಗಕ್ಕೆ ಸಿಕ್ಕಿತ್ತು, ಸುಮ್ನೆ ನಾಟಿ ಮಾಡಿದ್ದೆ.

ಆ ತಿಂಗಳ ಒಂದು ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ. ದೇವರು ನನ್ನನ್ನು ಹೇಗೆ ಆಶೀರ್ವದಿಸಿದರು ಅಂತ. ಹೇಳುತ್ತಾ ಹೇಳುತ್ತಾ ಹುರುಪು ಏರಿ, ಚರ್ಚಿನ ಕಾಂಪೌಂಡಿಗೆ 1 ಲಕ್ಷ ಕೊಡುತ್ತೇನೆ ಅಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ನೋಡಿದ ನೋಟ ಮಾತ್ರ ಬೇರೆ ಇತ್ತು. 20 ಸಾವಿರ ಅವತ್ತೇ ಕೊಟ್ಟೆ. ಉಳಿದದ್ದು ಮುಂದಿನ ಬೆಳೆಗೆ ಅಂದೆ.

ಮುಂದಿನ ಬೆಳೆಗೆ ಮೂರು ಎಕರೆ ಗುತ್ತಿಗೆಗೆ ಹಿಡಿದೆ. ಮಲ್ಚಿಂಗ್ ಶೀಟು, ಡ್ರಿಪ್ಪು, ನೀಲಗಿರಿ ಕಡ್ಡಿ, ದಾರ, ಕೂಲಿ. ಮಂಡಿಯಲ್ಲಿ ಮುಂಗಡ ತಗೊಂಡೆ, ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡೆ. ನಾನು ಮಾಡಿದ್ದನ್ನೇ ಸುತ್ತಲಿನವರೆಲ್ಲ ಮಾಡಿದ್ದರು. ಹಣ್ಣು ಬರುವ ಹೊತ್ತಿಗೆ ಬೆಲೆ ಕುಸಿದಿತ್ತು. ಬಾಕ್ಸಿಗೆ ಸಿಕ್ಕಿದ್ದು ಕೊಯ್ಲಿನ ಕೂಲಿಗೂ ಬಾಡಿಗೆಗೂ ಸರಿಹೋಯಿತು. 2024ರ ಬೇಸಿಗೆಯಲ್ಲಿ ಮತ್ತೆ ನಾಟಿ ಮಾಡಿದೆ. ಬಿಳಿ ನೊಣ ಬಂತು, ಎಲೆ ಮುದುಡಿತು, ಗಿಡ ಕುಳ್ಳಗಾಯಿತು. ಆ ಬೆಳೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕಿತ್ತು ಬದುವಿಗೆ ಹಾಕಿದೆವು.

ಚರ್ಚಿಗೆ ಹೋಗುವುದು ನಿಂತದ್ದು ಆಗಲೇ. ಕಷ್ಟ ಬಂದು ನಂಬಿಕೆ ಹೋಯಿತು ಅಂತ ಬೇರೆಯವರು ತಿಳಿದುಕೊಂಡಿದ್ದರು. ನಿಜ ಅದಲ್ಲ. 80 ಸಾವಿರ ಬಾಕಿ ಇತ್ತು, ಅದಕ್ಕೆ ನಾಚಿಕೆ. ಅಷ್ಟೇ. ಕೇಳಿದವರಿಗೆ ಮಾತ್ರ “ಭಾನುವಾರ ಮಂಡಿ ಕೆಲಸ ಇರುತ್ತೆ” ಅನ್ನುತ್ತಿದ್ದೆ.

ರಾತ್ರಿ ಮೂರು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ತೋಟಕ್ಕೆ ಹೋಗಬೇಕು. ನೀರು ತುದಿ ಸಾಲಿಗೆ ಮುಟ್ಟುವವರೆಗೆ ಪಂಪ್ ಮನೆಯಲ್ಲಿ ಕೂತು ವಾಟ್ಸಾಪ್‌ನಲ್ಲಿ ಮಂಡಿ ರೇಟು ನೋಡುತ್ತಿದ್ದೆ. ಬೆಳೆ ಇಲ್ಲದಾಗಲೂ ನೋಡುತ್ತಿದ್ದೆ. ಅದೊಂದು ಚಟ. 2025ರ ಮಾರ್ಚ್ 5 ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸ ಕಾಲ ಶುರುವಾಗುವ ದಿನ. ಅದರ ಹಿಂದಿನ ರಾತ್ರಿ ನನ್ನ ಹೆಂಡತಿ ಟಾರ್ಚಿನ ಜೊತೆ ಅಜ್ಜಿಯ ಹಳೇ ಸತ್ಯವೇದವನ್ನೂ (ಬೈಬಲ್) ಚೀಲಕ್ಕೆ ಹಾಕಿ ಕೊಟ್ಟಳು. “ಈ 40 ದಿನ ಫೋನ್ ಇಲ್ಲೇ ಇರಲಿ ರೀ” ಅಂದಳು. ಬೇರೇನೂ ಹೇಳಲಿಲ್ಲ.

ಸತ್ಯವೇದದಲ್ಲಿರುವ ಕೀರ್ತನೆಗಳನ್ನು ದಿನಕ್ಕೊಂದು ಓದುವುದು ಅಂತ ಶುರು ಮಾಡಿದೆ. ಮೊದಲ ವಾರ ಕಣ್ಣು ಓದುತ್ತಿತ್ತು, ತಲೆ ಬಡ್ಡಿ ಎಣಿಸುತ್ತಿತ್ತು. ಆಮೇಲೆ ಒಂದು ಉಪಾಯ ಮಾಡಿದೆ. ಗಟ್ಟಿಯಾಗಿ ಓದುವುದು. ಮೋಟರ್ ಸದ್ದಿಗಿಂತ ಜೋರಾಗಿ ಓದಿದರೆ ತಲೆ ಬೇರೆ ಕಡೆ ಹೋಗಲ್ಲ. 150 ಕೀರ್ತನೆ ಅಂದರೆ ಐದು ತಿಂಗಳು ಅಂದುಕೊಂಡಿದ್ದೆ. ಆದರೆ 119ನೇದರಲ್ಲಿ 176 ವಚನ ಇವೆ. ಎಂಟೆಂಟು ವಚನದ 22 ಭಾಗ ಅದು, ಹಾಗಾಗಿ ಅದೊಂದಕ್ಕೇ 22 ದಿನ ಕೊಟ್ಟೆ. ಅವಸರ ಯಾಕೆ?

ನನಗೆ ನಿಜವಾಗಿ ತಟ್ಟಿದ್ದು 88ನೇ ಕೀರ್ತನೆ. ಬೇರೆ ದುಃಖದ ಕೀರ್ತನೆಗಳು ಅಳುತ್ತಾ ಶುರುವಾದರೂ ಕೊನೆಗೆ ಸಾಮಾನ್ಯವಾಗಿ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲಲ್ಲೇ ಮುಗಿಯುತ್ತದೆ. ಇಂಥದ್ದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರಲ್ಲ ಅನಿಸಿತು. ಸಾಕ್ಷಿ ಅಂದರೆ ಗೆದ್ದವರು ಹೇಳುವುದು ಅಂತ ನಾನು ತಿಳಿದುಕೊಂಡಿದ್ದೆ. ಅವತ್ತು ಪ್ರಾರ್ಥನೆಯಲ್ಲಿ ಮೊದಲ ಸಲ ಸಾಲದ ಮೊತ್ತವನ್ನು ಬಾಯಿಬಿಟ್ಟು ಹೇಳಿದೆ. ಹನ್ನೊಂದು ಲಕ್ಷ. ಹೆಂಡತಿಗೂ ಎಂಟು ಅಂತಲೇ ಹೇಳಿದ್ದೆ.

ಮಾರನೇ ದಿನ ಅವಳಿಗೂ ಹೇಳಿದೆ. ಅವಳು ಜಗಳ ಆಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೇ ದಿನ ಮಗಳ ಹಳೇ ನೋಟ್‌ಬುಕ್ ತಂದು “ಬರೀರಿ ಇದರಲ್ಲಿ” ಅಂದಳು. ಸೊಸೈಟಿ ಸಾಲ, ಮಂಡಿ ಮುಂಗಡ, ಅಡವಿಟ್ಟ ಒಡವೆ, ಭಾವನ ಕೈಸಾಲ ಎಲ್ಲ ಬರೆದೆ. ಕೊನೆಯ ಸಾಲಿನಲ್ಲಿ ಅವಳೇ ಬರೆದಳು: ಚರ್ಚು, 80,000. ಅದನ್ನು ನಾನು ಸಾಲ ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಅದೇ ವಾರ ನಮ್ಮ ಚರ್ಚಿನ ಸಭಾಪಾಲಕರ (ಪಾಸ್ಟರ್) ಮನೆಗೆ ಹೋದೆ. ಹೋಗುವಾಗ ಹೇಳಬೇಕಾದ ಮಾತನ್ನು ಬೈಕಿನ ಮೇಲೆ ನಾಲ್ಕು ಸಲ ಬಾಯಿಪಾಠ ಮಾಡಿದ್ದೆ. “ಅಯ್ಯನವರೇ, ಆ ದುಡ್ಡು...” ಅನ್ನುವಷ್ಟರಲ್ಲಿ ಅವರು ನಕ್ಕುಬಿಟ್ಟರು. “ಅದನ್ನ ಕಮಿಟಿಯೋರು ಯಾವಾಗಲೋ ಬಿಟ್ಟಾಯ್ತಪ್ಪ. ಮೂರು ಕಡೆ ಗೋಡೆ ಎದ್ದಿದೆ. ಒಂದು ಕಡೆಯಿಂದ ಮೇಕೆ ಬರ್ತವೆ, ಅಷ್ಟೇ.” ಒಂದು ವರ್ಷ ನಾನು ಯಾವುದಕ್ಕೆ ಹೆದರಿ ಮುಖ ಮರೆಸಿದ್ದೆನೋ ಅದು ಇಷ್ಟೇ ಆಗಿತ್ತು. ಕಾಫಿ ಕುಡಿದು ಬಂದೆ.

ಬಂದ ಮೇಲೆ ಮೂರು ಕೆಲಸ ಮಾಡಿದೆವು. ಪಿಕಪ್ ಮಾರಿದೆವು. ಗುತ್ತಿಗೆ ಭೂಮಿ ಬಿಟ್ಟು ಒಂದು ಎಕರೆ ಟೊಮೆಟೊ, ಉಳಿದದ್ದಕ್ಕೆ ರಾಗಿ, ಅವರೆ ಅಂತ ಮಾಡಿಕೊಂಡೆವು. ಮೂರನೆಯದು, ಭಾನುವಾರ ಕೊಯ್ಲು ಇಟ್ಟುಕೊಳ್ಳದೆ ಚರ್ಚಿಗೆ ಹೋಗುವುದು. ಇದು ಹೇಳಿದಷ್ಟು ಸುಲಭ ಅಲ್ಲ, ತೋಟ ಮಾಡುವವರಿಗೆ ಗೊತ್ತು. ಕೊಯ್ಲು ಶುರುವಾದರೆ ನಾಲ್ಕೈದು ದಿನಕ್ಕೊಮ್ಮೆ ಕೀಳಲೇಬೇಕು, ಹಣ್ಣು ವಾರ ನೋಡಿ ಕೆಂಪಾಗುವುದಿಲ್ಲ. ನಾನು ಕಂಡುಕೊಂಡದ್ದು ಇಷ್ಟು: ಭಾನುವಾರಕ್ಕೆ ಬರುವ ಕೊಯ್ಲನ್ನು ಶನಿವಾರಕ್ಕೆ ಎಳೆದು, ಇನ್ನೂ ದೋರೆ ಇರುವಾಗಲೇ ಕೀಳುವುದು. ಸ್ವಲ್ಪ ತೂಕ ಕಡಿಮೆ ಬರುತ್ತೆ, ದೂರದ ಲಾರಿಗೆ ಕೊಡುವುದಾದರೆ ಅದೇ ವಾಸಿ. ಒಂದು ಭಾನುವಾರ ಮಾತ್ರ ಮೋಡ ಕವಿದಿತ್ತು, ಬೆಳಿಗ್ಗೆಯೇ ಕಿತ್ತೆವು. ಕೆಲಸ ಮಾಡಬಾರದ ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತುವುದಿಲ್ಲವೇ ಅಂತ ಯೇಸುಸ್ವಾಮಿ ಲೂಕನ ಸುವಾರ್ತೆಯಲ್ಲಿ ಕೇಳುತ್ತಾರಲ್ಲ, ಅದನ್ನು ನೆನೆಸಿಕೊಂಡೆ. ಪ್ರತೀ ವಾರ ಎತ್ತು ಬಾವಿಗೆ ಬೀಳುತ್ತಿದ್ದರೆ ಅದು ಬೇರೆ ವಿಷಯ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪರಿಚಯದವರೊಬ್ಬರು “ನೋಡು, ದಶಮಾಂಶ ತಪ್ಪಿಸಿದ್ದಕ್ಕೆ ಬೆಳೆ ಹೋಯ್ತು, ಈಗ ಕೊಟ್ಟು ನೋಡು, ರೇಟು ಬರುತ್ತೆ” ಅಂದರು. ದಶಮಾಂಶ ಅಂದರೆ ಸಂಪಾದನೆಯ ಹತ್ತನೇ ಒಂದು ಪಾಲನ್ನು ದೇವರಿಗೆ ಕೊಡುವುದು. ಪ್ರವಾದಿ ಹಗ್ಗಾಯನ ತೂತು ಚೀಲದ ಮಾತನ್ನೂ ತೆಗೆದರು. ಕೂಲಿ ಸಂಪಾದಿಸಿ ತೂತು ಬಿದ್ದ ಚೀಲಕ್ಕೆ ಹಾಕಿಕೊಂಡ ಹಾಗೆ ಅಂತ ಅವನು ಹೇಳುತ್ತಾನೆ. ಸೆರೆಯಿಂದ ಯೆರೂಸಲೇಮಿಗೆ ಮರಳಿದ ಜನ ತಮ್ಮ ಮನೆ ಚೆಂದ ಮಾಡಿಕೊಂಡು ದೇವಾಲಯವನ್ನು ಪಾಳು ಬಿಟ್ಟಿದ್ದ ಕಾಲ ಅದು. ನನಗೆ ಆ ಮಾತು ಚುಚ್ಚಿದ್ದು ನಿಜ. ಆದರೆ ಅದನ್ನು ಮಂಡಿ ವ್ಯವಹಾರದ ಹಾಗೆ ತಿರುಗಿಸುವುದು ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ನಾನು ಮಾಡಿದ್ದು ಅದೇ ತಾನೇ? ರೇಟು ಬಂತು, ದೇವರಿಗೆ ಕಮಿಷನ್ ಕೊಟ್ಟೆ. ಸತ್ಯವೇದದಲ್ಲಿ ಹಗ್ಗಾಯನಿಗಿಂತ ಸ್ವಲ್ಪ ಮುಂಚೆಯೇ ಪ್ರವಾದಿ ಹಬಕ್ಕೂಕನಿದ್ದಾನೆ. ಅಂಜೂರ ಚಿಗುರದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಅಷ್ಟು ಸಂತೋಷ ನನಗೆ ಇನ್ನೂ ಬಂದಿಲ್ಲ. ಆ ಪುಟಕ್ಕೆ ಒಂದು ದಾರ ಇಟ್ಟುಕೊಂಡಿದ್ದೇನೆ, ಟೊಮೆಟೊ ಕಟ್ಟುವ ದಾರ.

ಅಜ್ಜಿ ಹೇಳುತ್ತಿದ್ದ ನಮ್ಮ ಮನೆತನದ ಕಥೆಯೂ ಆಗಲೇ ನೆನಪಾಯಿತು. 1876–78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಬರದಲ್ಲಿ ತಂದೆತಾಯಿ ಸತ್ತು ಉಳಿದ ಒಬ್ಬ ಹುಡುಗ ನಮ್ಮ ಮೂಲಪುರುಷ. ಆ ಕಾಲದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಮಿಷನರಿ ಅನಾಥ ಮಕ್ಕಳನ್ನು ಸಾಕುತ್ತಿದ್ದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರ ಕೈಗೆ ಬಂತು. ನಾವು ಮೆಥಡಿಸ್ಟರಾದದ್ದು ಹಾಗೆ. ಅಂದರೆ ನಮ್ಮ ಮನೆಗೆ ಯೇಸುವಿನ ಹೆಸರು ಬಂದದ್ದು ಅನ್ನವಿಲ್ಲದ ವರ್ಷದಲ್ಲಿ. ನನ್ನನ್ನು ಅದರಿಂದ ದೂರ ಮಾಡಿದ್ದು ಬಾಕ್ಸಿಗೆ 2,000 ಬಂದ ವರ್ಷ.

ಅಜ್ಜಿಗೆ ಒಂದು ಅಭ್ಯಾಸ ಇತ್ತು. ಮುದ್ದೆಗೆ ಹಿಟ್ಟು ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಕ್ಕೆ ಹಾಕುತ್ತಿದ್ದಳು. ಡಬ್ಬ ತುಂಬಿದಾಗ ಅದು ಯಾರಾದರೂ ಇಲ್ಲದವರ ಮನೆಗೆ. ಈಗ ನನ್ನ ಹೆಂಡತಿ ಅದನ್ನು ಮತ್ತೆ ಶುರು ಮಾಡಿದ್ದಾಳೆ. ಕೊಡುವುದಕ್ಕೆ ಒಳ್ಳೇ ರೇಟು ಬರಲಿ ಅಂತ ಕಾಯಬೇಕಿಲ್ಲ ಅಂತ ಆ ಡಬ್ಬ ನೋಡಿದಾಗ ಗೊತ್ತಾಗುತ್ತದೆ.

ಸಾಲ ಈಗ ಆರು ಲಕ್ಷಕ್ಕೆ ಇಳಿದಿದೆ. ಬಹುಪಾಲು ಪಿಕಪ್ ಮಾರಿದ ದುಡ್ಡು ಮತ್ತು ಬಿಡಿಸಲಾಗದೆ ಮಾರಿದ ಒಡವೆ, ಪವಾಡವೇನಲ್ಲ. ಕಳೆದ ಸಲ ಚರ್ಚಿನ ಸುಗ್ಗಿ ಹಬ್ಬಕ್ಕೆ ಎರಡು ಸೇರು ಅವರೆಕಾಯಿ, ಒಂದು ಕುಂಬಳಕಾಯಿ ತಗೊಂಡು ಹೋಗಿದ್ದೆವು. ಆರಾಧನೆ ಮುಗಿದ ಮೇಲೆ ಜನ ತಂದು ಅರ್ಪಿಸಿದ್ದರ ಹರಾಜು ನಡೆಯಿತು. ನಮ್ಮ ಕುಂಬಳಕಾಯಿಯನ್ನು ಮೇಷ್ಟ್ರೊಬ್ಬರು 350ಕ್ಕೆ ಕೂಗಿದರು. ನಾನು ಒಂದು ಕಟ್ಟು ನುಗ್ಗೆಕಾಯಿಗೆ 60 ಕೂಗಿ ಸುಮ್ಮನಾದೆ.

ಕಮಿಟಿಯವರು ಬೇಡ ಅಂದರೂ ಆ ನಾಲ್ಕನೇ ಬದಿಯನ್ನು ನಾನು ಕೇಳಿ ತಗೊಂಡಿದ್ದೇನೆ. ತಿಂಗಳಿಗೆ 50 ಸಾಲಿಡ್ ಬ್ಲಾಕ್ ಇಳಿಸುತ್ತೇನೆ. ಕೆಲವು ತಿಂಗಳು 30. ಶನಿವಾರ ಸಂಜೆ ಗಾರೆ ಕೆಲಸದ ಭಾವ ಬರುತ್ತಾರೆ, ಕಲಸಿ ಕೊಡುವುದು ನನ್ನ ಕೆಲಸ. ಗೋಡೆ ಈಗ ಮೊಣಕಾಲಿನವರೆಗೆ ಬಂದಿದೆ. ಮೇಕೆಗಳು ಇನ್ನೂ ಹಾರಿ ಒಳಗೆ ಬರುತ್ತವೆ.