ಸೋರಿಯಾಸಿಸ್ ಇದ್ದ ಮನಿತನಕ್ಕ ನಾ ಏನ್ ಕೇಳ್ತೀನಿ, ಏನ್ ಹೇಳ್ತೀನಿ

ನಾನು ಹುಬ್ಬಳ್ಳ್ಯಾಗ ಚರ್ಮದ ಡಾಕ್ಟರು. ಸೋರಿಯಾಸಿಸ್ ಅಂದ್ರ ಚರ್ಮ ಕೆಂಪಾಗಿ ಹೊಟ್ಟು ಹೊಟ್ಟಾಗಿ ಉದುರೋ ರೋಗ, ತಲಿ, ಉಗುರು, ಕೀಲಿಗೂ ಬರಬೌದು, ಮನಿತನದಾಗೂ ಹರಿದು ಬರಬೌದು. "ನಿಮ್ಮ ಮನ್ಯಾಗ ಯಾರಿಗರ ಸೋರಿಯಾಸಿಸ್ ಐತೇನ್ರಿ" ಅಂತ ನೇರ ಕೇಳೂದಿಲ್ಲ, ಕೇಳಿದ್ರ ಹುಬ್ಬಳ್ಳಿಯವ್ರಾಗ್ಲಿ ನವಲಗುಂದ ಕುಂದಗೋಳ ಕಡಿಯವ್ರಾಗ್ಲಿ "ಇಲ್ರೀ, ನಮ್ಮ ಮನಿತನದಾಗ ಯಾರಿಗೂ ಇಲ್ಲ" ಅಂತ ಮುಗಿಸಿಬಿಡ್ತಾರ, ಬಾಜೂಕ ಮದುವಿ ವಯಸ್ಸಿನ ಮಗಳು ಕುಂತಿದ್ರಂತೂ ಬಾಯೇ ಬಿಡೂದಿಲ್ಲ. ಅದಕ್ಕ ಸುತ್ತಿ ಕೇಳ್ತೀನಿ. ಅಜ್ಜಗ ತಲ್ಯಾಗ ದಪ್ಪ ಹೊಟ್ಟು ಇತ್ತೇನು, ಕಾಕಾನ ಉಗುರಿನ್ಯಾಗ ಸಣ್ಣ ಸಣ್ಣ ತೂತು ಇದ್ವೇನು, ಸ್ವಾದರತ್ತಿಗೆ ಮುಂಜಾನೆ ಎದ್ದ ಕೂಡ್ಲೆ ಬಟ್ಟು ಬಿಗೀತಾವೇನು. ಆವಾಗ ಒಂದೊಂದ ನೆನಪಾಗಾಕ ಹತ್ತತಾವ. ತಂದಿ ಕಡಿ ತಾಯಿ ಕಡಿ ಎರಡೂ ಒಂದ ಹಾಳ್ಯಾಗ ಗೆರಿ ಹಾಕಿ ಬರಕೋತೀನಿ.

ಇನ್ನ ಎರಡು ಮಾತು ಬಿಡೂದಿಲ್ಲ, ಎಷ್ಟನೇ ವಯಸ್ಸಿಗೆ ಶುರುವಾತು, ಅದಕ್ಕೂ ಮೊದ್ಲ ಗಂಟಲ ನೋವು ಬಂದಿತ್ತೇನು. ಆರನೇ ಕ್ರೋಮೋಸೋಮಿನ ಎಚ್‌ಎಲ್‌ಎ-ಸಿ ಜೀನಿನ 06:02 ಅನ್ನೋ ರೂಪ ಸೋರಿಯಾಸಿಸ್ ರಿಸ್ಕಿನ್ಯಾಗ ಎಲ್ಲಾಕಿಂತ ದೊಡ್ಡದು. ಇದಿದ್ದವ್ರಿಗೆ 40ರ ಒಳಗ ಶುರುವಾಗೂದು ಜಾಸ್ತಿ, ಸ್ಟ್ರೆಪ್ಟೋಕಾಕಸ್ ಗಂಟಲ ಇನ್‌ಫೆಕ್ಷನ್ ಆಗಿ ಎರಡು ಮೂರು ವಾರಕ್ಕ ಮೈತುಂಬ ಹನಿ ಸಿಡದಂಗ ಕೆಂಪ ಕೆಂಪ ಏಳೂದೂ ಹೆಚ್ಚಾಗಿ ಇವ್ರಿಗೇ. ಸೆಲ್ಲಿನ ಒಳಗಿನ ಪ್ರೋಟೀನಿನ ತುಣುಕು ಹೊರಗ ಹಿಡಿದು ಟಿ-ಸೆಲ್ಲಿಗೆ (ರೋಗಾಣು ಜೋಡಿ ಹೊಡದಾಡೋ ರಕ್ತದ ಬಿಳಿ ಸೆಲ್ಲು) ತೋರಸೂದು ಈ ಜೀನಿನ ಕೆಲಸ, ಆ ತೋರಸೂದ್ರಾಗ ಫರಕು ಬಂದ್ರ ಟಿ-ಸೆಲ್ಲು ನಮ್ಮ ಚರ್ಮದ ಮ್ಯಾಲೇ ತಿರಗತೈತಿ.

ಮುಂದಿಂದು ಸಿಗ್ನಲ್ಲಿಂದು. ಇಂಟರ್‌ಲ್ಯೂಕಿನ್ ಅಂದ್ರ ಒಂದು ಸೆಲ್ಲು ಇನ್ನೊಂದಕ್ಕ ಸುದ್ದಿ ಕಳಸೋ ಪ್ರೋಟೀನು, ರಿಸೆಪ್ಟರ್ ಅಂದ್ರ ಆ ಸುದ್ದಿ ಹಿಡಿಯೋ ಪ್ರೋಟೀನು. ಇಂಟರ್‌ಲ್ಯೂಕಿನ್-23 ಬಂದು ಟಿ-ಸೆಲ್ಲಿನ ರಿಸೆಪ್ಟರಿಗೆ ಕೂತ್ರ ಆ ಸೆಲ್ಲು ಇಂಟರ್‌ಲ್ಯೂಕಿನ್-17 ಬಿಡತೈತಿ, ಅದ್ರಿಂದ ಚರ್ಮದ ಸೆಲ್ಲು ಲಗೂ ಲಗೂ ಬೆಳದು ಹೊಟ್ಟಾಗಿ ಉದುರತಾವ. ಈ ರಿಸೆಪ್ಟರಿನ ಜೀನು ಎಲ್ಲಾರ್ದೂ ಒಂದ ಥರ ಇರೂದಿಲ್ಲ, ಕೆಲವ್ರ ರಿಸೆಪ್ಟರ್ ಪ್ರೋಟೀನಿನ 381ನೇ ಜಾಗಾದಾಗ ಆರ್ಜಿನೀನ್ ಅನ್ನೋ ಅಮೈನೋ ಆಮ್ಲದ ಬದ್ಲಿ ಗ್ಲುಟಮಿನ್ ಇರತೈತಿ, ಅವ್ರಿಗೆ ಕೆರಿ ತೂಬು ಅರ್ಧ ಮುಚ್ಚಿದಂಗ ಸಿಗ್ನಲ್ ಕಡಿಮಿ ಹರೀತೈತಿ, ರಿಸ್ಕೂ ಕಡಿಮಿ. ಆ ಸಿಗ್ನಲ್ ಸೆಲ್ಲಿನ ಒಳಗ ಒಯ್ಯೋ ಪ್ರೋಟೀನಿನ ಟಿವೈಕೆ-2 ಜೀನಿನ್ಯಾಗೂ ಇಂಥಾ ಕಾಯೋ ರೂಪ ಅದಾವ, ಆ ಪ್ರೋಟೀನ್ ತಡಿಯೋ ಡ್ಯೂಕ್ರವಾಸಿಟಿನಿಬ್ ಗುಳಗಿಗೆ 2022ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ತು. ಸಿಗ್ನಲ್ ಎಲ್ಲಿ ತಡದ್ರ ರೋಗ ತಗ್ಗತೈತಿ ಅನ್ನೂದನ್ನ ಕೆಲವ್ರ ಮೈ ಹುಟ್ಟಿನಿಂದನ ತೋರಿಸಿಕೊಟ್ಟೈತಿ, ಇದು ನನಗ ಇವತ್ತಿಗೂ ಭಾಳ ದೊಡ್ಡ ಮಾತು ಅನಸತೈತಿ.

ಹಂಗಂತ ಜೀನ್ ಟೆಸ್ಟ್ ಮಾಡಸ್ರಿ ಅಂತ ಯಾರಿಗೂ ಬರಕೊಡೂದಿಲ್ಲ. 06:02 ಇದ್ದವ್ರಾಗ ಹೆಚ್ಚಿನ ಮಂದಿಗೆ ಸೋರಿಯಾಸಿಸ್ ಬರೂದ ಇಲ್ಲ, ಜೀನು ಪೂರಾ ಒಂದೇ ಇರೋ ಅವಳಿ ಮಕ್ಕಳಾಗೂ ಒಬ್ಬಗ ಬಂದು ಇನ್ನೊಬ್ಬಗ ಬರದೇ ಇದ್ದದ್ದೈತಿ. ಮದುವಿ ಮಾಡಬೌದೇನ್ರಿ ಅಂದ್ರ ಧಾರಾಳ ಮಾಡ್ರಿ, ಇದು ಹತ್ತೂ ರೋಗ ಅಲ್ಲ, ಬೇಕಂದ್ರ ಬೀಗರನ್ನೂ ಕರಕೊಂಡ ಬರ್ರಿ ಅಂತೀನಿ.

ಹಾಳಿ ನೋಡಿ ನಾ ಮಾಡೂದು ಇಷ್ಟು: ಇಂಥಾ ಮನಿ ಹುಡುಗ್ರಿಗೆ ಗಂಟಲ ನೋವು, ಜ್ವರ ಬಂದ್ರ ಲಗೂ ತೋರಸಾಕ ಹೇಳ್ತೀನಿ, ಕೀಲ ಬಿಗಿಯೋರನ್ನ ಕೀಲಿನ ಡಾಕ್ಟರ ಕಡೆ ಕಳಸ್ತೀನಿ. ಮತ್ತ ಯಾರೋ ಕೊಟ್ರು ಅಂತ ಸ್ಟೆರಾಯ್ಡ್ ಗುಳಗಿ ನುಂಗಿ ಒಮ್ಮಿಗೇ ಬಿಡಬ್ಯಾಡ್ರಿ ಅಂತ ಒತ್ತಿ ಹೇಳ್ತೀನಿ, ಇಂಟರ್‌ಲ್ಯೂಕಿನ್-36ಕ್ಕ ಬ್ರೇಕ್ ಹಾಕೋ ಜೀನು ಕೆಟ್ಟವ್ರಿಗಂತೂ ಹಂಗ ಬಿಟ್ರ ಮೈತುಂಬ ಕೀವಿನ ಗುಳ್ಳಿ ಎದ್ದು ಜ್ವರ ಬಂದು ಜೀವಕ್ಕ ಕುತ್ತು ಬರಬೌದು.